ಘಾಟು ಬಾರದ ಮೆಣಸಿನಕಾಯಿ

ಅತ್ತೆ ನಮ್ಮ ಮನೆಗೆ ಬಂದವರು ಮೊದಲು ಮಾಡಿದ ಕೆಲಸ ಫ್ರಿಜ್ ತೆರೆದು ಮೂಸಿದ್ದು. ಹೀಗೆ ಬರೆದ ಕೂಡಲೇ ನನಗೇ ಅನುಮಾನ. ಮೊದಲು ಕಾಲು ತೊಳೆದಿರಬೇಕು, ನೀರು ಕುಡಿದಿರಬೇಕು, ಮಂಚದ ಅಂಚಿನಲ್ಲಿ ಕೂತು ದಣಿವಾರಿಸಿಕೊಂಡಿರಬೇಕು. ಅವು ಯಾವುವೂ ನನ್ನ ನೆನಪಿನಲ್ಲಿಲ್ಲ. ಇರುವುದು ಇಷ್ಟೇ: ಆಪರೇಷನ್ ಆದ ಕಣ್ಣಿನ ಮೇಲೆ ಕಪ್ಪು ಕನ್ನಡಕ, ಹಣೆಯ ಮೇಲೆ ಪ್ರಯಾಣದ ಬೆವರಿಗೆ ಅರ್ಧ ಕರಗಿದ ವಿಭೂತಿ, ಫ್ರಿಜ್ಜಿನ ಬಾಗಿಲು ಹಿಡಿದು ಬಗ್ಗಿದ ಬೆನ್ನು. ಮೂಗು ಒಳಗಿಟ್ಟರು. ಒಂದು ಸಲ ಉಸಿರೆಳೆದರು. ಬಾಗಿಲು ಮುಚ್ಚಿದರು.

"ಇದರಾಗ ಇಡೂದು ಬ್ಯಾಡ," ಎಂದು ಮಗನಿಗೆ ಹೇಳಿದರು.

ಇಡಬಾರದು ಎಂದದ್ದು ಕಣ್ಣಿಗೆ ಬಿಡುವ ಹನಿ ಔಷಧದ ಸೀಸೆ. ಕಲಬುರಗಿಯಲ್ಲಿ ಪೊರೆ ತೆಗೆದ ಡಾಕ್ಟರು ಅದನ್ನು ತಣ್ಣಗಿನ ಜಾಗದಲ್ಲಿಡಿ ಎಂದಿದ್ದರು. ವಾಡಿಯ ಬಿಸಿಲಿಗೆ ಮನೆಯೊಳಗೆ ತಣ್ಣಗಿನ ಜಾಗವೆಂದರೆ ಫ್ರಿಜ್ ಒಂದೇ. ಅತ್ತೆ ಒಂದು ಸಣ್ಣ ಮಣ್ಣಿನ ಮಗಿ ಕೇಳಿ ಪಡೆದರು. ಸೀಸೆಯನ್ನು ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ, ಗಂಟು ಹಾಕಿ, ಮಗಿಯೊಳಗಿಟ್ಟು, ಮಗಿಗೆ ಒದ್ದೆ ಅರಿವೆ ಸುತ್ತಿ ಕಿಟಕಿಯ ಫರಸಿಕಲ್ಲಿನ ಮೇಲಿಟ್ಟರು. ಅರಿವೆ ಒಣಗಿದಂತೆಲ್ಲ ಎದ್ದು ಹೋಗಿ ನೀರು ಚಿಮುಕಿಸಿ ಬರುತ್ತಿದ್ದರು. ಅವರು ಆ ಮಗಿಯ ಕಡೆ ಹೋಗುವಾಗಲೆಲ್ಲ ನಾನು ಅಡುಗೆಮನೆಯಲ್ಲಿ ಬೇರೆ ಏನೋ ಮಾಡುತ್ತಿರುವವಳಂತೆ ನಿಲ್ಲುತ್ತಿದ್ದೆ.

ಅಂದು ಫ್ರಿಜ್ಜಿನಲ್ಲಿ ಕೋಳಿ ಇತ್ತೇ? ಇರಲಿಲ್ಲ. ಹಿಂದೆ ಇತ್ತೇ? ಇತ್ತು. ಅವರು ಬರುವ ಮುನ್ನ ಸೋಡಾಪುಡಿ ಹಾಕಿ ಒರೆಸಿದ್ದೆ, ನಿಂಬೆಹೋಳು ಇಟ್ಟಿದ್ದೆ. ಆ ನಿಂಬೆಯ ವಾಸನೆಯೇ ಅವರಿಗೆ ಸುಳಿವು ಕೊಟ್ಟಿರಬೇಕು.

ನಾನು ಶಹಾಬಾದಿನವಳು. ಅಪ್ಪ ಫರಸಿ ಪಾಲಿಶ್ ಮಾಡುವ ಅಂಗಳದಲ್ಲಿ ದುಡಿದವರು, ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ರವಿವಾರ ಒಲೆಯ ಮೇಲೆ ಕೋಳಿ. ಗಂಡ ಚಿಂಚೋಳಿಯವನು. ಅವನ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಬೀಳುವುದಿಲ್ಲ, ಮೊಟ್ಟೆ ಎಂಬ ಮಾತನ್ನೂ ಜೋರಾಗಿ ಆಡುವುದಿಲ್ಲ. ಅವನು ವಾಡಿಯಲ್ಲಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದಾನೆ, ನಾನು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ನಾವು ರಿಜಿಸ್ಟರ್ ಮದುವೆಯಾದ ಮೇಲೆ ಅತ್ತೆ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ದೊಡ್ಡ ಮಗನ ಮನೆಯಲ್ಲೇ ಇದ್ದರು. ಈಗ ಬಂದದ್ದೂ ನಮ್ಮನ್ನು ನೋಡಲಿಕ್ಕಲ್ಲ. ಕಲಬುರಗಿಗೆ ಕಣ್ಣು ತೋರಿಸಲು ವಾಡಿಯಿಂದ ರೈಲು ಸಲೀಸು, ಅದಕ್ಕೆ. ಹಾಗಂತ ಅವರೇ ಹೇಳಿದ್ದರು. ಅವರು ಹೇಳಿದ ಕಾರಣಗಳನ್ನು ನಾನು ಆಗ ಹಾಗೆಯೇ ನಂಬುತ್ತಿರಲಿಲ್ಲ. ಅವರೂ ನನ್ನವನ್ನು ನಂಬುತ್ತಿರಲಿಲ್ಲ.

ನನ್ನ ಕೈಯ ರೊಟ್ಟಿ ತಿನ್ನುತ್ತಿದ್ದರು, ಅದೇ ದೊಡ್ಡ ಮಾತು. ಆದರೆ ತಿನ್ನುವ ಮೊದಲು ಪ್ರತಿ ಪಾತ್ರೆಯನ್ನೂ ಎತ್ತಿ ತಳ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಕೋಳಿಯ ಪಾತ್ರೆ ಬೇರೆ. ಜರ್ಮನ್ ಎನ್ನುವ ಅಲ್ಯುಮಿನಿಯಂ ಪಾತ್ರೆ, ಹಿಡಿಕೆಗೆ ಕೆಂಪು ದಾರ, ಜಾಗ ಮಾಳಿಗೆಯ ಮೇಲೆ. ಗಂಡ ತಿನ್ನುವುದಿಲ್ಲವಾದ್ದರಿಂದ ಮದುವೆಯಾದಾಗಿನಿಂದ ನಾನೇ ಮಾಡಿಕೊಂಡ ಏರ್ಪಾಡು. ಅದನ್ನು ಅವನು ತಾಯಿಗೆ ವಿವರಿಸಿದ್ದ. "ದಾರ ಇವತ್ತ ಇದಕ್ಕ ಕಟ್ಟಬಹುದು, ನಾಳೆ ಅದಕ್ಕ ಕಟ್ಟಬಹುದು," ಎಂದು ಅವರು ಅಂದಿದ್ದರು. ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಕೂತಿದ್ದರೂ, "ನಿನ್ನ ಹೆಂಡತಿಗಿ ಕೇಳು, ಪುಂಡಿಪಲ್ಯಾಕ ಉಪ್ಪ ಹಾಕ್ಯಾಳೋ ಇಲ್ಲೋ," ಎಂದು ಮಗನಿಗೆ ಹೇಳುತ್ತಿದ್ದರು. ಮಗ ನನ್ನ ಕಡೆ ತಿರುಗುತ್ತಿದ್ದ. ನಾನು ಮಗನಿಗೆ, "ಹಾಕೀನ್ರಿ," ಎನ್ನುತ್ತಿದ್ದೆ. ಅವರಿಲ್ಲದಾಗ ನಾನವನಿಗೆ 'ನೀ' ಎನ್ನುವವಳು. ಅವರ ಎದುರು ಮಾತ್ರ 'ರಿ'.

ಆಗ ನನಗೆ ಆರನೆಯ ತಿಂಗಳು ನಡೆದಿತ್ತು. ನನಗೆ ತಾಯಿಯಿಲ್ಲ. ಶಹಾಬಾದಿನ ಅತ್ತಿಗೆಗೆ ತನ್ನ ಸಣ್ಣ ಮಕ್ಕಳನ್ನು ಸಂಭಾಳಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಸರಿ. ಆಮೇಲೆ? ಎಳೆಗೂಸನ್ನು ಕಾಲ ಮೇಲೆ ಮಲಗಿಸಿ ಎರೆಯುವುದು ಹೇಗೆಂದು ನನಗೆ ಗೊತ್ತಿಲ್ಲ, ಪುಸ್ತಕ ಓದಿದರೂ ಕೈಗೆ ಬರುವುದಿಲ್ಲ. ಒಂದು ಸಂಜೆ ಗಂಡ ತಾಯಿಗೆ ಕೇಳಿಯೇಬಿಟ್ಟ.

"ಯವ್ವಾ, ಬಾಣಂತನಕ್ಕ ನೀ ಇರ್ತಿ ಹೌದಿಲ್ಲೋ?"

ಅತ್ತೆ ಮಗಿಯ ಅರಿವೆಗೆ ನೀರು ಚಿಮುಕಿಸುತ್ತಿದ್ದರು. ತಿರುಗಲಿಲ್ಲ. "ನೋಡಮು," ಎಂದರು.

ನೋಡೋಣ. ಸೋಮವಾರ ಡಾಕ್ಟರಿಗೆ ಕಣ್ಣು ತೋರಿಸಿ, ಮಂಗಳವಾರ ಚಿಂಚೋಳಿ ಬಸ್ಸು ಹಿಡಿಯುವುದೆಂದು ಅವರು ಆಗಲೇ ನಿಶ್ಚಯಿಸಿದ್ದರು. ಬ್ಯಾಗು ಮಂಚದ ಕಾಲ ಬುಡದಲ್ಲಿ ನಿಂತೇ ಇತ್ತು. ಬಂದ ದಿನದಿಂದ ಅದರೊಳಗಿನ ಸೀರೆಗಳು ಗೂಟಕ್ಕೆ ಬಂದಿರಲಿಲ್ಲ. ಬೇಕಾದದ್ದನ್ನು ತೆಗೆದು, ಉಟ್ಟು, ಒಗೆದು, ಮಡಚಿ ಮತ್ತೆ ಒಳಗೇ ಇಡುತ್ತಿದ್ದರು. ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಇಂಥ ಹೊತ್ತಿನಲ್ಲೇ ನನಗೆ ಕೋಳಿಯ ಬಯಕೆ ಆಯಿತು. ಅದೂ ಮನೆಯ ಕೋಳಿಸಾರಲ್ಲ. ಹೈದರಾಬಾದಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಕದ್ದಿಟ್ಟ ಕರೆಂಟ್ ಒಲೆಯ ಮೇಲೆ ಮಾಡಿದ್ದ, ಮೆಕ್ಸಿಕೋ ದೇಶದ್ದೆಂದು ಹೇಳಿ ಬಡಿಸಿದ್ದ ಗಟ್ಟಿ ಸಾರು. ಸುಟ್ಟ ಢಬ್ಬು ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳದ ಕಾಳು, ಅರೆದ ಒಣಮೆಣಸಿನಕಾಯಿ, ಮೇಲೆ ಹಿಂಡಿದ ನಿಂಬೆ. ತುಟಿಗೆ ಹತ್ತುವ ಖಾರವಲ್ಲ, ಹೊಗೆಯ ರುಚಿ. ಚಿತ್ತಾಪುರದಿಂದ ರೈಲಿನಲ್ಲಿ ಬರುವಾಗ ಒಂದು ದಿನ ಯಾವ ಕಾರಣವೂ ಇಲ್ಲದೆ ಆ ರುಚಿ ನಾಲಿಗೆಯ ಮೇಲೆ ಬಂತು, ಹೋಗಲಿಲ್ಲ.

ಇದನ್ನು ನಾನು ಸುಮ್ಮನೆ ನಂಬಲಿಲ್ಲ. ಆ ಕಾಲದಲ್ಲೂ ನಾನು ಡೈರಿ ಬರೆಯುತ್ತಿದ್ದೆ, ಅದರಲ್ಲಿ ಈ ಊಟದ ಸುದ್ದಿಯೇ ಇಲ್ಲ. ಅಷ್ಟು ರುಚಿಯಾಗಿದ್ದರೆ ಬರೆಯದೆ ಇರುತ್ತಿದ್ದೆನೇ? ಗೆಳತಿ ಮೆಕ್ಸಿಕೋ ನೋಡಿದವಳಲ್ಲ. ಅದು ಆ ದೇಶದ ಅಡುಗೆಯೋ, ಹಾಸ್ಟೆಲಿನಲ್ಲಿ ಉಳಿದ ತರಕಾರಿಯನ್ನು ಮುಗಿಸುವ ಉಪಾಯವೋ? ಅದಕ್ಕಿಂತ ಕೆಟ್ಟ ಅನುಮಾನ ಇನ್ನೊಂದಿತ್ತು. ಐದು ತಿಂಗಳು ಸುಮ್ಮನಿದ್ದ ನಾಲಿಗೆ, ಅತ್ತೆ ಬಂದು ಫ್ರಿಜ್ ಮೂಸಿದ ವಾರವೇ ಕೋಳಿ ಕೇಳುವುದೆಂದರೇನು? ಇದು ಹೊಟ್ಟೆಯೊಳಗಿನ ಕೂಸಿನ ಬಯಕೆಯೋ, ನನ್ನ ಹಟವೋ? ಯಾರು ಬರೆದರು, ಯಾವಾಗ, ಯಾವ ಲಾಭಕ್ಕೆ ಎಂದು ಕೇಳಿರೆಂದು ಹುಡುಗರಿಗೆ ತರಗತಿಯಲ್ಲಿ ಹೇಳುವವಳು ನಾನು. ಈಗ ನನ್ನ ನಾಲಿಗೆಗೂ ಅದೇ ಪ್ರಶ್ನೆ ಹಾಕಿದೆ.

ಗಂಡನಿಗೆ ಮೆಲ್ಲಗೆ ಹೇಳಿದೆ. ಮೆಲ್ಲಗೇ ಹೇಳಿದ್ದೆ ಎಂದು ನಾನು, ಗಟ್ಟಿಯಾಗಿ ಹೇಳಿದ್ದೆ ಎಂದು ಅವನು. ಹೇಗೂ ಪಕ್ಕದ ಕೋಣೆಯಿಂದ ಮಾತು ಬಂತು.

"ಬಯಕಿ ಅಂದ್ರ ಹುಣಸಿಕಾಯಿ. ಬಯಕಿ ಅಂದ್ರ ಮಾವಿನಕಾಯಿ, ಬೂದಿ, ಮಣ್ಣ. ಮೆಕ್ಸಿಕೋದ ಕೋಳಿ ಯಾವ ಬಯಕಿನೋ?"

"ಅಕಿಗಿ ಆಗ್ಯಾದಲ್ಲ ಯವ್ವಾ."

"ನಾ ಬಂದ ಮ್ಯಾಲ ಆಗ್ಯಾದ."

ನನ್ನ ಅನುಮಾನವನ್ನೇ ಅವರು ಗಟ್ಟಿಯಾಗಿ ಓದಿದಂತಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವರದೇ ದನಿ, ಈಗ ಸಣ್ಣಗೆ: "ಮಾಡಿ ತಿನಸು. ಬಯಕಿ ತೀರಸ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ. ನಾಳೆ ಕಿವಿ ಸೋರಿದ್ರ, ಮುದುಕಿ ಬ್ಯಾಡಂದ್ಳು ಅಂತ ನನ್ನ ಮ್ಯಾಲ ಬರಬಾರದು. ಮಾಳಗಿ ಮ್ಯಾಲ ಮಾಡ್ರಿ. ನೀ ಮಾತ್ರ ಮುಟ್ಟಬ್ಯಾಡ."

ನಮ್ಮ ಕಡೆ ಈ ಮಾತಿನ ಮೇಲೆ ಜಾತಿಗೀತಿ ನಡೆಯುವುದಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದನ್ನು ನಮ್ಮಮ್ಮನೂ ನಂಬಿದ್ದಳು, ಅತ್ತೆಯೂ ನಂಬಿದ್ದರು. ನಾನು ನಂಬುವುದಿಲ್ಲ. ಆದರೂ ಬೇಡ ಬಿಡ್ರಿ ಎಂದು ನಾನು ಹೇಳಲಿಲ್ಲ.

ಗಂಡ ಶನಿವಾರ ಸೇಡಂಗೆ ಕೆಲಸದ ಮೇಲೆ ಹೋದವನು ಅಲ್ಲಿಯ ಸಂತೆಯಿಂದ ಢಬ್ಬು ಮೆಣಸಿನಕಾಯಿ ತಂದ. ಕೆಂಪು, ಹಳದಿ ಸಿಗಲಿಲ್ಲ, ಹಸಿರು ಮಾತ್ರ. ಒಣಮೆಣಸಿನಕಾಯಿ ಬ್ಯಾಡಗಿಯದು. ಮೊಬೈಲಿನಲ್ಲಿ ನೋಡಿದ ಅಡುಗೆಯಲ್ಲಿ ಬಳಸುವ ಮೆಣಸಿನಕಾಯಿಯ ಹೆಸರು ಇಬ್ಬರ ಬಾಯಲ್ಲೂ ತಿರುಗಲಿಲ್ಲ. ಬಣ್ಣ ಜಾಸ್ತಿ, ಖಾರ ಕಮ್ಮಿ ಎಂಬುದಷ್ಟು ತಿಳಿಯಿತು, ಬ್ಯಾಡಗಿ ಸಾಕೆಂದುಕೊಂಡೆವು.

ರವಿವಾರ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಉಂಡು, ಹೊರಗಿನ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ, ಮನೆಗೆ ಬೆನ್ನು ಮಾಡಿ ಕೂತರು. ನಾವು ಮಾಳಿಗೆ ಹತ್ತಿದೆವು. ಒಂದು ಮೂಲೆಗೆ ತಗಡಿನ ನೆರಳಿದೆ. ಇದ್ದಿಲು ತುಂಬಿ ಶೇಗಡಿ ಒಲೆ ಹೊತ್ತಿಸಿ ಅಲ್ಲಿಟ್ಟೆವು. ಆಗ ಇನ್ನೊಂದು ತೊಡಕು ಎದ್ದಿತು. ಕೋಳಿ ತಿನ್ನಬೇಕೆಂದು ಪ್ರಾಣ ಬಿಡುತ್ತಿದ್ದ ನಾನು ಹಸಿ ಕೋಳಿಯ ವಾಸನೆ ಬಡಿದ ಕೂಡಲೇ ಬಾಯಿ ಮುಚ್ಚಿಕೊಂಡು ಎದ್ದೆ. ಓಡಿ ಹೋಗಿ ಮೋರಿಯ ಹತ್ತಿರ ಕೂತೆ.

"ಈಗ ಇದನ್ನ ತೊಳೆಯೋರ್ ಯಾರು?" ಎಂದ ಗಂಡ.

"ನೀ."

"ನಾ ಜನ್ಮದಾಗ ಮುಟ್ಟಿಲ್ಲ."

"ಲ್ಯಾಬ್‌ನ್ಯಾಗ ಎಂಥೆಂಥಾದ್ದು ಮುಟ್ತಿ. ಇದೂ ಒಂದು ಸ್ಯಾಂಪಲ್ ಅಂತ ತಿಳ್ಕೊ."

ಅವನು ಮೂಗಿಗೆ ಟವೆಲ್ ಕಟ್ಟಿದ. ಮುಖ ಆಕಾಶಕ್ಕೆತ್ತಿ, ಕೈ ಮಾತ್ರ ಬೋಗುಣಿಯೊಳಗಿಟ್ಟು ತೊಳೆದ. ಅರಿಸಿನ ಹಚ್ಚು ಎಂದರೆ ಹಚ್ಚಿದ, ಉಪ್ಪು ಎಂದರೆ ಉಪ್ಪು. ಕೆಳಗೆ ಕೂತಿರುವ ತಾಯಿ ಹಾಕಿದ ಕರಾರು ಅಲ್ಲಿಗೆ ಮುರಿಯಿತು. ಮುಟ್ಟಬೇಡ ಎಂದಿದ್ದರು. ಮುಟ್ಟುವುದೆಂದರೆ ಕೈಯಿಂದ ಮುಟ್ಟುವುದೋ, ಬಾಯಿಂದಲೋ ಎಂದು ನಾವಿಬ್ಬರೂ ಚರ್ಚೆ ಮಾಡಿ, ಬಾಯಿಂದ ಎಂದು ನಮಗೆ ಬೇಕಾದಂತೆ ತೀರ್ಮಾನಿಸಿಕೊಂಡೆವು.

ಢಬ್ಬು ಮೆಣಸಿನಕಾಯಿಗಳನ್ನು ಕೆಂಡದ ಮೇಲೆ ಇಡಿಯಾಗಿ ಇಟ್ಟೆ. ಸಿಪ್ಪೆ ಉಬ್ಬಿ, ಚಟಪಟ ಎಂದು, ಕರ್ರಗಾಯಿತು. ಎಲ್ಲ ಮಗ್ಗುಲೂ ಸುಡಬೇಕು, ಆಮೇಲೆ ಮುಚ್ಚಿಟ್ಟು ಸಿಪ್ಪೆ ಸುಲಿಯಬೇಕು. ಗಂಡ ಸುಲಿಯಲು ಕೂತ. ನಾನು ಬ್ಯಾಡಗಿಯನ್ನು ಹಂಚಿನ ಮೇಲೆ ಹಾಕಿದೆ. ಸಣ್ಣ ಕಾವಿನಲ್ಲಿ, ಸೌಟಿನಿಂದ ಒತ್ತುತ್ತ, ಉಬ್ಬುವತನಕ. ಒಂದೆರಡು ಜಾರಿ ಕೆಂಡಕ್ಕೂ ಬಿದ್ದವು. ಸಿಹಿಯಾದ, ಹುರಿದ ತಂಬಾಕಿನಂಥ ಹೊಗೆ ಎದ್ದು ಕೆಳಗೆ ಬೀದಿಯ ಕಡೆ ಹೋಯಿತು. ನಾವಿಬ್ಬರೂ ಸಲೀಸಾಗಿ ಉಸಿರಾಡಿಕೊಂಡಿದ್ದೆವು. ಯಾರಿಗೂ ಒಂದು ಸೀನು ಬರಲಿಲ್ಲ, ಒಂದು ಕೆಮ್ಮು ಬರಲಿಲ್ಲ.

ಕೆಳಗಿನಿಂದ ಕೂಗು ಬಂತು. "ಏನ್ ಸುಡಾಕತ್ತೀರಿ?"

"ಮೆಣಸಿನಕಾಯಿ, ಯವ್ವಾ," ಎಂದ ಗಂಡ.

"ಎಷ್ಟ್ ಹಾಕೀರಿ?"

"ಒಂದ್ ಹಿಡಿ."

ನಾನು ಹಂಚು ಇಳಿಸುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಕಣ್ಣಿನ ಆಪರೇಷನ್ ಆದವರು ಮೆಟ್ಟಿಲು ಹತ್ತಬಾರದು. ಗಂಡ ಕರ್ರಗಿನ ಕೈಯನ್ನೇ ಚಾಚಿಕೊಂಡು ಓಡಿದ. ಅತ್ತೆ ಅವನ ಕೈಯನ್ನು ನೋಡಲಿಲ್ಲ. ಕೋಳಿಯ ಬೋಗುಣಿಯನ್ನೂ ನೋಡಲಿಲ್ಲ. ನೆಟ್ಟಗೆ ಶೇಗಡಿಯ ಹತ್ತಿರ ಬಂದು, ಕೆಂಡದಲ್ಲಿ ಉರಿಯುತ್ತಿದ್ದ ಮೆಣಸಿನಕಾಯಿಯನ್ನು ಬಗ್ಗಿ ನೋಡಿದರು. ಗಾಳಿ ಮೂಸಿದರು. ಅವರ ಮುಖ ಬಣ್ಣಗೆಟ್ಟಿತ್ತು.

"ಹಿಡಿ ಮೆಣಸಿನಕಾಯಿ ಬೆಂಕಿ ಮ್ಯಾಲ ಅದಾವ. ಘಾಟ ಇಲ್ಲ."

ನನಗೆ ಅರ್ಥವಾದದ್ದು ಆಗ. ಶಹಾಬಾದಿನ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಮಗುವಿಗೆ, ಬಸುರಿಗೆ, ಬಾಣಂತಿಗೆ ನೆದರಾಗಿದೆಯೋ ಇಲ್ಲವೋ ತಿಳಿಯಬೇಕೆಂದರೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುವುದು. ಘಾಟು ಬಂದು ಎಲ್ಲರೂ ಕೆಮ್ಮಿದರೆ ಏನೂ ಇಲ್ಲ, ನಿಶ್ಚಿಂತೆ. ಮೆಣಸಿನಕಾಯಿ ಸುಟ್ಟೂ ಘಾಟು ಬರದಿದ್ದರೆ ಕೆಟ್ಟ ಕಣ್ಣು ಬಲವಾಗಿ ತಗುಲಿದೆ ಎಂದರ್ಥ. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದವರು, ನಮಗೆ ಗೊತ್ತಿಲ್ಲದಂತೆ, ಕೆಮ್ಮು ಬರುವುದನ್ನೇ ಕಾದಿದ್ದರು.

"ಇದು ಬ್ಯಾಡಗಿ ಮೆಣಸಿನಕಾಯ್ರಿ ಅತ್ತಿ," ಎಂದೆ. "ಬರೇ ಬಣ್ಣ ಇರ್ತದ. ಖಾರ ಇರಂಗಿಲ್ಲ, ಅದಕ್ಕ ಘಾಟ ಬರಂಗಿಲ್ಲ."

ಅವರು ಮಗನ ಕಡೆ ತಿರುಗಿದರು. "ಏನಂತಾಳ ಇಕಿ? ಖಾರ ಇಲ್ಲದ್ದು ಮೆಣಸಿನಕಾಯಿ ಹ್ಯಾಂಗಾಗ್ತದ? ನನ್ನ ಬ್ಯಾಗಿನಾಗ ಗಂಟ ಅದ. ಹೋಗಿ ತಗೊಂಡ್ ಬಾ."

"ಯವ್ವಾ, ಕಣ್ಣಿಗಿ ಹೊಗಿ ತಗಲಬಾರದು ಅಂದಾರ..."

"ಕಣ್ಣ ನಂದು. ತಗೊಂಡ್ ಬಾ ಅಂದೆ."

ಅವನು ತಂದ. ಚಿಂಚೋಳಿಯಿಂದ ಬರುವಾಗಲೇ ಅವರು ತಮ್ಮ ಮೆಣಸಿನಕಾಯಿ, ತಮ್ಮ ಉಪ್ಪು ಕಟ್ಟಿಕೊಂಡು ಬಂದಿದ್ದರೆಂದು ನನಗೆ ತಿಳಿದದ್ದು ಅಂದೇ. ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತು. ಅತ್ತೆ ನನ್ನನ್ನು ಫರಸಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡಿಸಿದರು. ಭುಜ ಹಿಡಿದು ಕೂಡಿಸಿದರು ಎಂದು ನನ್ನ ನೆನಪು, ಕೈಸನ್ನೆ ಮಾಡಿದರು ಎಂದು ಗಂಡನದು. ಮುಷ್ಟಿಯಲ್ಲಿ ಸಣ್ಣ, ಗಿಡ್ಡ ಮೆಣಸಿನಕಾಯಿ, ಉಪ್ಪು. ತಲೆಯಿಂದ ಕಾಲಿನತನಕ ಇಳಿಸುತ್ತ ಬಾಯೊಳಗೆ ಏನೋ ಅಂದುಕೊಳ್ಳುತ್ತಿದ್ದರು. ಯಾರ ಯಾರ ಕಣ್ಣೆಂದು ಎಣಿಸುತ್ತಿದ್ದರು. ಕಾಲೇಜಿನ ಮಂದಿ ಕಣ್ಣು, ರೈಲಿನ ಮಂದಿ ಕಣ್ಣು, ಓಣಿಯ ಮಂದಿ ಕಣ್ಣು. ಹೊಟ್ಟೆಯ ಹತ್ತಿರ ಕೈ ನಿಧಾನವಾಯಿತು. ಸ್ವಲ್ಪ ತಡೆದು, "ನನ್ನ ಕಣ್ಣ," ಎಂದರು. ಅದನ್ನು ಗಂಡ ಕೇಳಿಸಿಕೊಂಡಿಲ್ಲ. ನಾನು ಕೇಳಿದ್ದೇನೆ. ಅದು ಮಾತ್ರ ನನ್ನ ಕಲ್ಪನೆಯಲ್ಲ, ಬೇರೆ ಏನಾದರೂ ಇರಲಿ.

ಆಮೇಲೆ ಸೆರಗಿನಿಂದ ಕನ್ನಡಕದ ಸಮೇತ ಮುಖ ಪೂರ್ತಿ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿ ನಿಂತು, ಮುಷ್ಟಿಯನ್ನು ಮಗನ ಕೈಗೆ ಬಿಚ್ಚಿದರು. "ಹಾಕು."

ಘಾಟು ಎಂಥದು ಬಂತೆಂದರೆ ತಗಡಿನ ಕೆಳಗಿದ್ದ ಬೆಕ್ಕು ಗೋಡೆ ಹಾರಿ ಓಡಿತು. ಗಂಡ ಟವೆಲಿನೊಳಗೆ ಕೆಮ್ಮಿದ, ನಾನು ಹೊಟ್ಟೆ ಹಿಡಿದುಕೊಂಡು ಕೆಮ್ಮಿದೆ, ಸೆರಗಿನೊಳಗಿಂದ ಅತ್ತೆ ಕೆಮ್ಮಿದರು. ಬೀದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಯಾರೋ ಬೈಯುತ್ತ ಕೆಮ್ಮಿದರು. ಆ ಕೆಮ್ಮಿನ ನಡುವೆ ಅತ್ತೆಯ ದನಿ: "ಬಂತು. ಬಂತು ನೋಡು ಘಾಟ. ಏನೂ ಇಲ್ಲ. ಕೂಸಿಗಿ ಏನೂ ಇಲ್ಲ."

ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಬೇಡಿಕೊಂಡದ್ದು ಸಿಕ್ಕವರ ದನಿ. ನನ್ನ ನೆದರಿನ ಪರೀಕ್ಷೆಗೆ ಅವರು ಹೊಸದಾಗಿ ಆಪರೇಷನ್ ಆದ ಕಣ್ಣು ಒಡ್ಡಿದ್ದರು. ನನಗೋ, ಕೂಸಿಗೋ? ಆಗಲೂ ನನ್ನ ಮನಸ್ಸು ಲೆಕ್ಕ ಕೇಳಿತು. ಕೂಸಿಗೇ ಇರಲಿ ಎಂದು ಸುಮ್ಮನಾದೆ.

ಹೊಗೆ ಇಳಿದ ಮೇಲೆ ಅವರಿಗೆ ಕೋಳಿಯ ನೆನಪಾಯಿತು. ಸೆರಗು ಮೂಗಿಗೆ ಹೋಯಿತು. ಆದರೆ ಕೆಳಗಿಳಿಯಲಿಲ್ಲ. ಮೆಟ್ಟಿಲ ಮೇಲ್ತುದಿಯಲ್ಲಿ, ಗಾಳಿ ಆ ಕಡೆ ಬೀಸದ ಜಾಗ ನೋಡಿ ಕೂತರು. ಬಹುಶಃ ಮಗನ ಬಾಯಿ ಕಾಯಲಿಕ್ಕೆ. ಅವನಂತೂ ತಾಯಿಯ ಎದುರು ಸೌಟನ್ನು ಹಾವಿನಂತೆ ಹಿಡಿದಿದ್ದ.

ಅಡುಗೆ ಮುಂದುವರಿಯಿತು. ನೆನೆಸಿದ ಬ್ಯಾಡಗಿಯನ್ನು ಬೆಳ್ಳುಳ್ಳಿ, ಜೀರಿಗೆ, ಒಂದು ಚೂರು ದಾಲ್ಚಿನ್ನಿ ಸೇರಿಸಿ ಮಾಳಿಗೆಯ ಮೇಲೆ ಕಲ್ಲಿನಲ್ಲೇ ಅರೆದೆ, ಕೋಳಿಗೆ ಹಾಕುವುದನ್ನು ಕೆಳಗಿನ ಮಿಕ್ಸಿಗೆ ಹಾಕುವ ಹಾಗಿರಲಿಲ್ಲ. ಜರ್ಮನ್ ಪಾತ್ರೆಯಲ್ಲಿ ಉಳ್ಳಾಗಡ್ಡಿ ಬಾಡಿಸಿ, ಕೋಳಿ ಹಾಕಿ, ಟೊಮೆಟೊ ಹಾಕಿ, ಕೆಂಪು ರುಬ್ಬು ಸುರಿದೆ. ಸುಟ್ಟು ಸುಲಿದ ಢಬ್ಬು ಮೆಣಸಿನಕಾಯಿಯನ್ನು ಉದ್ದುದ್ದ ಸೀಳಿ, ಮೆಕ್ಕೆಜೋಳದ ಜೊತೆ ಕೊನೆಗೆ ಸೇರಿಸಿದೆ. ಸಾರು ಗಟ್ಟಿಯಾಗುತ್ತ ಬಂದಂತೆ ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಬೆಂದ ಮೇಲೆ ವಾಸನೆ ನನಗೆ ತ್ರಾಸು ಕೊಡಲಿಲ್ಲ. ನಿಂಬೆ ಹಿಂಡಿ, ತಟ್ಟೆಗೆ ಹಾಕಿಕೊಂಡು, ಜೋಳದ ರೊಟ್ಟಿ ಮುರಿದೆ. ನಾಲ್ಕು ಕಣ್ಣು, ಅಥವಾ ಆಪರೇಷನ್ ಆದದ್ದನ್ನು ಬಿಟ್ಟರೆ ಮೂರು ಕಣ್ಣು, ನನ್ನ ಮೇಲಿದ್ದವು.

"ತಿನ್ನು," ಎಂದರು ಅತ್ತೆ. ಮಗನಿಗಲ್ಲ, ನನಗೆ.

ತಿಂದೆ. ಚೆನ್ನಾಗಿತ್ತು. ಹೊಗೆಯ ರುಚಿಯಿತ್ತು, ಸಿಹಿಯಿತ್ತು, ಹುಳಿಯಿತ್ತು. ಆದರೆ ಅದಲ್ಲ. ರೈಲಿನಲ್ಲಿ ನಾಲಿಗೆಯ ಮೇಲೆ ಬಂದದ್ದು ಇದಲ್ಲ. ಇನ್ನೊಂದು ತುತ್ತು ತಿಂದೆ, ಹುಡುಕಿದೆ, ಸಿಗಲಿಲ್ಲ.

"ತೀರ್ತೇನು?" ಎಂದು ಕೇಳಿದರು.

ಇದಕ್ಕೆ ಒಂದೇ ಸರಿಯಾದ ಉತ್ತರ ಇತ್ತು. ತೀರಿತು ಎಂದರೆ ಕೂಸಿನ ಕಿವಿ ಬಚಾವ್, ಅವರ ಮೇಲಿನ ಹೊರೆ ಇಳಿಯಿತು, ನನ್ನ ಬಯಕೆ ಖರೆ ಎಂದಾಯಿತು. ಇಲ್ಲ ಎಂದರೆ ಅವರು ಮೊದಲಿನಿಂದ ಅಂದದ್ದೇ ನಿಜ: ನಾ ಬಂದ ಮ್ಯಾಲ ಆಗ್ಯಾದ. ಮಂಗಳವಾರದ ಬಸ್ಸು ಕಣ್ಣೆದುರು ನಿಂತಿತ್ತು. ಗಂಡ ಹೂಂ ಅನ್ನು ಎಂದು ಹುಬ್ಬಿನಲ್ಲೇ ಹೇಳುತ್ತಿದ್ದ. ನಾನು ಧೈರ್ಯದವಳಲ್ಲ. ಯಾಕೋ ಬಾಯಿಗೆ ಆ ಮಾತು ಬರಲಿಲ್ಲ.

"ಗೊತ್ತಿಲ್ರಿ ಅತ್ತಿ," ಎಂದೆ. "ಛಲೋ ಆಗ್ಯಾದ. ಆದ್ರ ನಾ ನೆನಸಿದ್ದು ಇದಲ್ಲ ಅನಸ್ತದ. ನಾ ನೆನಸಿದ್ದು ಇತ್ತೋ ಇಲ್ಲೋ, ಅದೂ ಗೊತ್ತಿಲ್ಲ."

ಗಂಡ ಸೌಟು ಕೆಳಗಿಟ್ಟ. ಅತ್ತೆ ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡಿದರು. ಆಮೇಲೆ ಅವರ ಭುಜ ಅಲುಗಾಡಿತು. ಮತ್ತೆ ಕೆಮ್ಮೇ ಎಂದುಕೊಂಡೆ. ನಗುತ್ತಿದ್ದರು.

"ಇಂವ ಹೊಟ್ಟ್ಯಾಗ ಇದ್ದಾಗ," ಎಂದು ಮಗನ ಕಡೆ ಗದ್ದ ಎತ್ತಿ ತೋರಿಸಿದರು, "ನನಗ ಕುಂಬಾರರ ಆವಿಗಿ ಸುಟ್ಟ ಮಣ್ಣ ಬೇಕಾಗಿತ್ತು. ಹಗಲು ರಾತ್ರಿ ಅದರದೇ ಧ್ಯಾಸ. ಸಣ್ಣಾಕಿದ್ದಾಗ ತಿಂದಿದ್ದೆ, ಬೆಲ್ಲದಂಗ ಇತ್ತು ಅಂತ ನೆನಪ. ನಮ್ಮತ್ತಿ ಕದ್ದು ತಂದು ಕೊಟ್ಳು. ಬಾಯಾಗ ಹಾಕ್ಕೊಂಡೆ."

"ಹ್ಯಾಂಗಿತ್ರಿ?"

"ಹ್ಯಾಂಗ ಇರ್ತದ? ಮಣ್ಣ ಇದ್ದಂಗ ಇತ್ತು."

"ಮತ್ತ ನಿಮ್ಮತ್ತಿಗಿ ಏನಂದ್ರಿ?"

"ಭಾಳ ಛಲೋ ಅದ ಅಂದೆ. ಹೆದರಿಕಿ. ಪೂರ್ತಿ ತಿನಸಿದ್ಳು ಮುದುಕಿ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೀ ಪೂರ್ತಿ ತಿನ್ನಬ್ಯಾಡ. ಸಾಕಾದಷ್ಟ ತಿನ್ನು."

ಗಂಡ ಎರಡನೇ ಪಾಳಿಗೆ ಹೋಗಬೇಕಿತ್ತು. ಸೀಗೆಪುಡಿ, ನಿಂಬೆ, ಸೋಪು ಎಲ್ಲ ಹಾಕಿ ಮೂರು ಸಲ ಕೈ ತೊಳೆದು ಹೊರಟ. ತಾಯಿ ಅವನನ್ನು ಬಾಗಿಲಲ್ಲಿ ತಡೆದು ಕೈ ಮೂಸಿ ಬಿಟ್ಟರು. ಆತ ಬಾಯಿಯಿಂದಲೂ ಮುಟ್ಟಿರಲಿಲ್ಲವೇ? ಉಪ್ಪು ಸರಿಯಾಗಿದೆ ಎಂದು ನನಗೆ ಮೊದಲೇ ಹೇಳಿದ್ದ. ಹೇಗೆ ಗೊತ್ತಾಯಿತೆಂದು ನಾನು ಕೇಳಿಲ್ಲ.

ಇಳಿಹೊತ್ತಿಗೆ ನಾನು ಕಿಟಕಿಯ ಬಳಿ ಹೋದಾಗ ಮಗಿಯ ಅರಿವೆ ಗರಿಗರಿಯಾಗಿ ಒಣಗಿತ್ತು. ನೆದರಿನ ಗದ್ದಲದಲ್ಲಿ ಅತ್ತೆ ನೀರು ಚಿಮುಕಿಸುವುದನ್ನು ಮರೆತಿದ್ದರು. ಮಗಿ ಮುಟ್ಟಿದರೆ ಬಿಸಿ. ಅವರು ಒಳಗೆ ಮಲಗಿದ್ದರು. ಕೇಳಿದರೆ ಬೇಡ ಎನ್ನುತ್ತಾರೆ. ನಾನು ಸೀಸೆಯನ್ನು ಬಟ್ಟೆಯ ಗಂಟಿನ ಸಮೇತ ತೆಗೆದು ಫ್ರಿಜ್ಜಿನ ಬಾಗಿಲ ಅರೆಯಲ್ಲಿಟ್ಟೆ. ಅದನ್ನು ಅವರ ಒಳ್ಳೆಯದಕ್ಕೇ ಇಟ್ಟೆನೋ, ನನ್ನ ಫ್ರಿಜ್ ಗೆಲ್ಲಲಿ ಎಂದು ಇಟ್ಟೆನೋ, ಇಂದಿಗೂ ಆಣೆ ಮಾಡಲಾರೆ.

ದೀಪ ಹಚ್ಚುವ ಹೊತ್ತಿಗೆ ಹನಿ ಬಿಡಬೇಕು. ಮಗ ಮನೆಯಲ್ಲಿದ್ದರೆ ಮಗ ಬಿಡುತ್ತಿದ್ದ. ಇಲ್ಲದಿದ್ದರೆ ಅವರೇ ಬಿಟ್ಟುಕೊಳ್ಳುತ್ತಿದ್ದರು, ಅರ್ಧ ಕೆನ್ನೆಗೆ ಹೋಗುತ್ತಿತ್ತು. ಅಂದು ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. ಕಣ್ಣು ಕೆಂಪಗಿತ್ತು.

"ಬಾ ಇಲ್ಲಿ," ಎಂದರು. "ಹನಿ ಬಿಡು."

ಬೆಳಗಿನಿಂದ ಮೆಣಸಿನಕಾಯಿ ಹುರಿದು, ಅರೆದ ಕೈ ನನ್ನದು. ಮೊದಲು ಸೋಪಿನಿಂದ ತೊಳೆದೆ. ಎಣ್ಣೆ ಹಚ್ಚಿ ತಿಕ್ಕಿ ಮತ್ತೆ ತೊಳೆದೆ. ಮೊಸರು ಹಚ್ಚಿ ತೊಳೆದೆ. ನನ್ನ ಕಣ್ಣಿನ ಅಂಚಿಗೇ ಬೆರಳು ಮುಟ್ಟಿಸಿ ನೋಡಿಕೊಂಡೆ, ಉರಿಯಲಿಲ್ಲ. ಆದರೂ ಭಯ ಹೋಗಲಿಲ್ಲ. ಸೀಸೆ ಹಿಡಿದು ಹತ್ತಿರ ಹೋದಾಗ ಅವರು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮೂಸಿದರು. ಫ್ರಿಜ್ ಮೂಸಿದ ಹಾಗೆಯೇ. ಕೊನೆಯ ಬೆರಳಿನ ಮೇಲೆ ಸ್ವಲ್ಪ ತಡೆದರು.

ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ಆ ಕೆಂಪು ಕಣ್ಣನ್ನು ನನ್ನ ಮುಂದೆ ತೆರೆದು ಹಿಡಿದರು.

ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟೆ. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

"ತಣ್ಣಗ ಅದ," ಎಂದರು, ಕಣ್ಣು ಮುಚ್ಚಿಕೊಂಡು. "ಎಲ್ಲಿ ಇಟ್ಟಿದ್ದಿ?"

"ಅರಿವಿ ಒಣಗಿತ್ತು... ಫ್ರಿಜ್‌ನ್ಯಾಗ ಇಟ್ಟಿದ್ದೇನ್ರಿ."

ಗೋಡೆಯಾಚೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಔಷಧ ಕಣ್ಣಿನ ಕೊನೆಯಿಂದ ಇಳಿಯಿತು, ಸೆರಗಿನ ತುದಿಯಿಂದ ಒತ್ತಿಕೊಂಡರು.

"ಅಲ್ಲೇ ಇಡು," ಎಂದರು. ಆಮೇಲೆ, ನಾನು ಕೇಳದೆಯೇ: "ಚಿಂಚೋಳ್ಯಾಗ ಕರೆಂಟ್ ಇರಂಗಿಲ್ಲ. ಅಲ್ಲಿ ಫ್ರಿಜ್ ಇದ್ರೂ ಅಷ್ಟೇ. ಈ ಹನಿ ಮುಗಿಯೋತನ ಇಲ್ಲೇ ಇರ್ತೀನಿ ಅಂತ ದೊಡ್ಡಾವಗ ಫೋನ್ ಮಾಡು."

ಆ ವಾರ ವಾಡಿಯಲ್ಲೂ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ನಾನು ಹೇಳಲಿಲ್ಲ.

ಸೋಮವಾರ ಕಲಬುರಗಿಗೆ ಹೋಗಿ ಕಣ್ಣು ತೋರಿಸಿ ಬಂದಾಯಿತು. ಮಂಗಳವಾರ ಬಸ್ಸಿನ ಹೊತ್ತಿಗೆ ಅವರು ಬ್ಯಾಗಿನಿಂದ ಮೆಣಸಿನಕಾಯಿಯ ಗಂಟನ್ನು ತಂದು ಅಡುಗೆಮನೆಯ ಅರೆಯಲ್ಲಿ, ನನ್ನ ಬ್ಯಾಡಗಿ ಡಬ್ಬಿಯ ಪಕ್ಕಕ್ಕಿಟ್ಟರು. "ನಿನ್ನ ಮೆಣಸಿನಕಾಯಿ ಮ್ಯಾಲ ನನಗ ವಿಶ್ವಾಸ ಇಲ್ಲ," ಎಂದರು. ಸೀರೆಗಳು ಗೂಟಕ್ಕೆ ಬಂದವು, ಎಲ್ಲವೂ ಅಲ್ಲ. ಪಾತ್ರೆಯ ತಳ ನೋಡುವುದನ್ನು ಇವತ್ತಿಗೂ ಬಿಟ್ಟಿಲ್ಲ.

ಇದನ್ನು ಬರೆಯುವಾಗ ಒಂಬತ್ತು ತುಂಬುತ್ತ ಬಂದಿದೆ. ಅತ್ತೆ ಪಕ್ಕದ ಕೋಣೆಯಲ್ಲಿ ಹಳೆಯ ಧೋತರ ಹರಿದು ಕೂಸಿನ ದುಪಟಿ ಹೊಲಿಯುತ್ತಿದ್ದಾರೆ. ಸೂಜಿಗೆ ದಾರ ತಾವೇ ಪೋಣಿಸುತ್ತಾರೆ, ಕಣ್ಣು ಅಷ್ಟು ನೆಟ್ಟಗಾಗಿದೆ. ಹನಿ ಮುಗಿದು ಬಹಳ ದಿನವಾಯಿತು. ಖಾಲಿ ಸೀಸೆ ಬಿಳಿ ಬಟ್ಟೆಯ ಗಂಟಿನಲ್ಲಿ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಹಾಲು ತೆಗೆಯುವಾಗ ಅವರೂ ನೋಡುತ್ತಾರೆ, ನಾನೂ ನೋಡುತ್ತೇನೆ. ಇಬ್ಬರೂ ತೆಗೆದು ಎಸೆದಿಲ್ಲ.